ತವರಿನ ಲಂಗರು

ಕಾರವಾರ
18 ನವೆಂಬರ್ 2024

ಅಕ್ಕಾ,

ಹೋದ ವಾರ ಜಗಳವಾಡಿ ಫೋನ್ ಇಟ್ಟವಳು ನೀನು ಮತ್ತೆ ಎತ್ತಲೇ ಇಲ್ಲ. ಕಿವಿ ಕೇಳಿಸುವುದಿಲ್ಲ ಅನ್ನುತ್ತೀ. ನಾನು ಅಂದದ್ದು ಪೂರ್ತಿ ಕೇಳಿಸಿತ್ತು, ಅದಕ್ಕೇ ಇಟ್ಟದ್ದು. ಇರಲಿ, ಇನ್ನು ಮೇಲೆ ಕಾಗದ ಬರೆಯುತ್ತೇನೆ. ಕಾಗದದ ನಡುವೆ ಬಾಯಿ ಹಾಕುವುದು ನಿನಗೆ ಆಗುವುದಿಲ್ಲ.

ಹಂಪೇಶ್ ತೀರಿಕೊಂಡು ಎಂಟು ತಿಂಗಳಾಯಿತು. ನೀನೂ, ಬಳ್ಳಾರಿ ಸತ್ಯನಾರಾಯಣಪೇಟೆಯ ಅವರ ಮನೆಯವರೂ ಕೇಳುತ್ತಿರುವುದು ಒಂದೇ: ದೋಣಿ ಯಾವಾಗ ಮಾರುತ್ತೀ, ಯಾವಾಗ ಬರುತ್ತೀ? ಹಡಗಿನ ಎಂಜಿನಿಯರ್ ಕೆಲಸ ಮುಗಿಸಿ ಬಂದವರು ಬಳ್ಳಾರಿಯಲ್ಲಿ ಒಂದು ಸೈಟು ಕೊಳ್ಳದೆ ಹಳೆಯ ಹಾಯಿದೋಣಿ ಕೊಂಡದ್ದನ್ನು ನೀವು ಯಾರೂ ಕ್ಷಮಿಸಿಲ್ಲ. ಅದಕ್ಕೆ 'ಹಗರಿ' ಅಂತ ಹೆಸರಿಟ್ಟಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. "ವರ್ಷದಾಗ ಹತ್ತು ತಿಂಗಳು ಬರೀ ಉಸುಕು ಇರೋ ಹೊಳಿ ಹೆಸರು ದೋಣಿಗೆ ಇಡ್ತಾರೇನs?" ಅಂದಿದ್ದೆ. ಆ ಉಸುಕಿನ ಹೊಳೆಯ ಮೇಲೇ ನಾವು ಏಳು ವರ್ಷ ಸಂಸಾರ ಮಾಡಿದೆವು. ಕಾಳಿ ನದಿ ಕಡಲು ಸೇರುವ ಈ ಮಗ್ಗುಲಲ್ಲಿ ದೋಣಿ ನಿಂತಿದೆ, ಒಳಗೆ ನಾನಿದ್ದೇನೆ. ನಾನು ಮಾರುವುದಿಲ್ಲ.

ಮಾರುವುದಿಲ್ಲ ಅಂದ ಮೇಲೆ ಹೊಸ ಲಂಗರು ಬೇಕು. ಹಳೆಯದರ ತೋಳು ಬಗ್ಗಿದೆ. ಮೊನ್ನೆ ಚಹಾ ಹಿಡಿದುಕೊಂಡು ಹೊರಗೆ ಬಂದು ನೋಡಿದರೆ ದಡದ ತೆಂಗಿನಮರ ತನ್ನ ಜಾಗದಲ್ಲಿರಲಿಲ್ಲ. ಮರ ಎಲ್ಲಿಗೆ ಹೋದೀತು, ಸರಿದವಳು ನಾನೇ. ಲಂಗರು ಆರಿಸುವುದು, ಬಿಡುವುದು, ಎತ್ತುವುದು ಎಲ್ಲ ಇಷ್ಟು ವರ್ಷ ಅವರದೇ ಕೆಲಸವಾಗಿತ್ತು. ನಾನು ಹಿಂದೆ ಚುಕ್ಕಾಣಿ ಹಿಡಿದು ಕೂತು "ಆಯಿತೇ?" ಅಂತ ಕೂಗುತ್ತಿದ್ದೆ. ಈಗ ಕೂಗಿದರೆ ನಾನೇ ಮುಂದಕ್ಕೆ ಓಡಿ "ಆಯಿತು" ಅನ್ನಬೇಕು.

ಪುಸ್ತಕ ತೆಗೆದು ಓದುತ್ತಿದ್ದೇನೆ. ಲಂಗರು ಬರೀ ತನ್ನ ಭಾರದಿಂದ ದೋಣಿಯನ್ನು ಹಿಡಿಯುವುದಿಲ್ಲವಂತೆ, ನೆಲದಲ್ಲಿ ಹೂತುಕೊಂಡು ಹಿಡಿಯುತ್ತದಂತೆ. ಎಳೆತ ನೆಲಕ್ಕೆ ಮಟ್ಟಸವಾಗಿ ಬಂದರೆ ಇನ್ನೂ ಒಳಗೆ ಇಳಿಯುತ್ತದೆ, ಮೇಲಿನಿಂದ ಬಂದರೆ ಕಿತ್ತು ಬರುತ್ತದೆ. ಅದಕ್ಕೇ ನೀರಿನ ಆಳದ ಐದಾರು ಪಟ್ಟು ಉದ್ದ ಸರಪಳಿ ಬಿಟ್ಟು ದೂರ ನಿಲ್ಲಬೇಕು. ನಾನು ಹದಿನೈದು ಕೆಜಿಯೊಳಗಿನದನ್ನು ಹುಡುಕುತ್ತಿದ್ದೇನೆ. ನಾನೊಬ್ಬಳೇ ಎತ್ತಬೇಕಲ್ಲ.

ಜೆಟ್ಟಿಯ ಪಕ್ಕದ ಚಹಾ ಅಂಗಡಿಯ ವಿಳಾಸಕ್ಕೆ ಬರಿ. ಅವರು ತಲುಪಿಸುತ್ತಾರೆ.

ಅರುಣಾ


ಕುರುಗೋಡು
2 ಡಿಸೆಂಬರ್ 2024

ಅರುಣಾ,

ಕಾಗದ ಮುಟ್ಟಿತು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟಿನಿಂದ, ಎರಡನೇ ಸಲ ಲಂಗರಿಗೋಸ್ಕರ.

ನೀನು ಪುಸ್ತಕ ಓದಿ ಕಲಿತದ್ದು ನಮ್ಮ ರಂಟೆಯ ಪಾಠ ಕಣೇ. ಅಪ್ಪ ಹೋದ ಮೇಲೆ ಹಚ್ಚೊಳ್ಳಿಯ ಹೊಲ ಮಾಡಿಸಿದವಳು ನಾನು. ರಂಟೆಗೂ ಎತ್ತಿಗೂ ನಡುವಿನ ಹಗ್ಗ ಗಿಡ್ಡವಾದರೆ ಗುಳ ಮೇಲೆದ್ದು ನೆಲ ಗೀರಿಕೊಂಡು ಹೋಗುತ್ತದೆ. ಉದ್ದ ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ಇದನ್ನು ತಿಳಿಯುವುದಕ್ಕೆ ಕಾರವಾರದ ತನಕ ಹೋಗಬೇಕಾಗಿತ್ತೇ? ಆದರೆ ಭಾರ ಬೇಡ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕುಂಟೆ ಹಗುರಾದರೆ ಮೇಲೆ ಕಲ್ಲು ಹೇರುತ್ತೇವೆ. ನಿನ್ನ ಕಡಲಿನ ತಳ ಎಂಥಾದ್ದು? ಕಪ್ಪು ಎರೆಯೋ, ಕೆಂಪು ಮಸಾರಿಯೋ, ನಮ್ಮ ಕುರುಗೋಡಿನ ಗುಡ್ಡದ ಹಾಗೆ ಬರೀ ಬಂಡೆಯೋ? ಅದನ್ನು ಬರೆಯದೆ ತೂಕ ಬರೆದಿದ್ದೀ.

ಐದು ಪಟ್ಟು ಸರಪಳಿ ಬಿಟ್ಟು ದೂರ ನಿಲ್ಲುವುದು ನಿನಗೆ ಹೊಸದಲ್ಲ ಬಿಡು. ಅವ್ವನ ಕೊನೆಯ ದಿನಗಳಲ್ಲೂ ನೀನು ಹಾಗೆಯೇ ನಿಂತಿದ್ದೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ, ಈಗ ಹೊಡೆದು ಹಾಕಿದರೆ ಕಾಗದ ಹೊಲಸಾಗುತ್ತದೆ.

ನಾನು ಬಾಡಿಗೆಗಿರುವ ಈ ಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿ ತೆರೆದರೆ ಗುಡ್ಡ ಕಾಣುತ್ತದೆ. ಯುಗಾದಿಯೊಳಗೆ ದೋಣಿ ಮಾರಿ ಬಾ. ನನಗೆ ಬೇಸರ ಅಂತ ಕರೆಯುತ್ತಿಲ್ಲ. ಪಕ್ಕದ ಮನೆಯ ದಾಕ್ಷಾಯಣಿ ದಿನಾ ಸಂಜೆ ಬಂದು ಕೂತರೆ ಏಳುವುದಿಲ್ಲ, ಬೇಸರಕ್ಕೆ ಪುರುಸೊತ್ತೇ ಇಲ್ಲ. ನಿನಗೋಸ್ಕರ ಕರೆಯುತ್ತಿದ್ದೇನೆ.

ಸುವರ್ಣಕ್ಕ


ಕಾರವಾರ
20 ಡಿಸೆಂಬರ್ 2024

ಅಕ್ಕಾ,

ಅವ್ವನ ಮಾತಿಗೆ ನಾನು ಉತ್ತರ ಬರೆಯುವುದಿಲ್ಲ. ಲಂಗರಿನ ಮಾತಿಗೆ ಬರೆಯುತ್ತೇನೆ.

ತಳ ಎರೆಯೇ. ಹಳೆಯ ಲಂಗರು ಎತ್ತಿದಾಗ ಹಲ್ಲಿಗೆ ಅಂಟಿ ಬಂದ ಕೆಸರು ಹಚ್ಚೊಳ್ಳಿಯ ಹೊಲದ್ದೇ ಅನ್ನಿಸಿತು. ಕಪ್ಪಗೆ, ಉಗುರಿನ ಸಂದಿಗೆ ಹೋದರೆ ಎರಡು ದಿನ ಬಿಡುವುದಿಲ್ಲ. ವಾಸನೆ ಮಾತ್ರ ಮೀನಿನದು. ಅದನ್ನು ಕೈಯಲ್ಲಿ ಹಿಚುಕಿಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ನೀನು ಕೇಳದಿದ್ದರೂ ಹೇಳುತ್ತೇನೆ, ಈಗ ನನ್ನ ಮಾತು ಕೇಳುವವರು ಬೇರೆ ಯಾರಿದ್ದಾರೆ. ಲಂಗರಿನಲ್ಲಿ ಜಾತಿಗಳಿವೆ. ಒಂದು ಚಪ್ಪಟೆ, ಎರಡು ಅಗಲ ಹಲ್ಲಿನದು. ಹಗುರ, ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಗಾಳಿ ದಿಕ್ಕು ಬದಲಿಸಿ ದೋಣಿ ತಿರುಗಿದರೆ ಕೆಲವು ಸಲ ಮಗುಚಿ ಬಿಟ್ಟುಕೊಡುತ್ತದೆ. ಇನ್ನೊಂದು ಮೊರದ ಹಾಗೆ ಒಳಬಾಗಿದ್ದು, ಈಗ ಎಲ್ಲರೂ ಹೊಗಳುವುದು ಅದನ್ನೇ. ಮತ್ತೊಂದು ಥೇಟ್ ನಿನ್ನ ರಂಟೆ. ದೋಣಿ ಯಾವ ಕಡೆ ತಿರುಗಿದರೂ ತಾನೂ ನೆಲದೊಳಗೇ ಹೊರಳಿಕೊಂಡು ಹಿಡಿಯುತ್ತದೆ, ಆದರೆ ಅದು ಭಾರ ಇದ್ದಷ್ಟೂ ಒಳ್ಳೆಯದು. ನಗಬೇಡ, ನಿನ್ನ ಮಾತು ಅರ್ಧ ನಿಜ. ಮೂರರ ಚಿತ್ರವನ್ನೂ ಅಳತೆ ಹಾಕಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ನಾನು ಕೊಂಡದ್ದು ಚಪ್ಪಟೆಯದು, ಅಲ್ಯೂಮಿನಿಯಮ್ಮಿನದು. ಒಂದೇ ಕೈಯಲ್ಲಿ ಎತ್ತುತ್ತೇನೆ. ಎತ್ತಿದಾಗ ಖುಷಿಯಾಗುತ್ತದೆ, ಆಮೇಲೆ ಇಷ್ಟು ಹಗುರದ್ದು ಬೇಕಾಯಿತಲ್ಲ ಅನ್ನಿಸಿ ಅಳು ಬರುತ್ತದೆ. ಎರಡೂ ನಿಜ.

ಒಬ್ಬಳೇ ಅಂತ ತಿಳಿಯಬೇಡ. ಪಕ್ಕದಲ್ಲಿ ಇನ್ನೊಂದು ಹಾಯಿದೋಣಿ ನಿಂತಿದೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಸಂಜೆ ಚಹಾಕ್ಕೆ ಕರೆಯುತ್ತಾರೆ.

ಅರುಣಾ


ಕುರುಗೋಡು
17 ಜನವರಿ 2025

ಅರುಣಾ,

ಸಂಕ್ರಾಂತಿಗೆ ನಿನಗೆ ಎಳ್ಳು ಬೆಲ್ಲ ಕಳಿಸಲಿಲ್ಲ, ಲಂಗರು ಕಳಿಸಿದ್ದೇನೆ. ಬಳ್ಳಾರಿಯಿಂದ ಲಾರಿಯಲ್ಲಿ ಹೊರಟಿದೆ.

ನಿನ್ನ ಚಿತ್ರ ಹಿಡಿದುಕೊಂಡು ಬಸ್ ಹತ್ತಿ ಸಿರುಗುಪ್ಪಕ್ಕೆ ಹೋದೆ. ಅಲ್ಲಿ ಅಂಜಿನೇಯ ಅಂತ ಒಬ್ಬ, ಟ್ರ್ಯಾಕ್ಟರಿನ ಕುಂಟೆ, ಟ್ರೇಲರ್ ಎಲ್ಲ ಮಾಡುವವನು. ಚಿತ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿದ.

"ಅಮ್ಮಾರs, ಇದು ರಂಟಿ ಅಲ್ಲೇನ್ರಿ? ಎತ್ತು ಎಲ್ಲಿ ಕಟ್ಟತೀರಿ?"

"ಎತ್ತಲ್ಲಪ್ಪ, ದೋಣಿ ಕಟ್ಟಾಕ."

"ದೋಣಿ ಕಟ್ಟಿ ನೀರು ಉಳತೀರೇನ್ರಿ?" ಅಂತ ಅವನೂ ಅಂಗಡಿಯವರೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಆಮೇಲೆ ಅವನು ತೂಕ ಕೇಳಿದ. "ಚೀಟ್ಯಾಗ ಹದಿನೈದು ಕೆಜಿ ಅಂತ ಐತಿ. ಅಷ್ಟs ಮಾಡಲ್ರಿ?"

ನಾನು ಅಂದೆ: "ತವರುಮನಿಯಿಂದ ಹೋಗೋದು, ಅಳತಿ ಹಿಡೀಬ್ಯಾಡ. ಕೈ ಬಿಟ್ಟು ಹಾಕು."

ಅವನು ಕೈ ಬಿಟ್ಟು ಹಾಕಿದ. ನಲವತ್ತು ದಾಟಿದೆ ಅಂದ. ಉಡಿ ತುಂಬುವಾಗ ಅಕ್ಕಿಯನ್ನು ತಕ್ಕಡಿಯಲ್ಲಿ ತೂಗುತ್ತಾರೇನೇ?

ಹಂಪೇಶ್ ಹೋದ ಮೇಲೆ ನೀನು ಬಳ್ಳಾರಿಗೆ ಬಂದಿದ್ದೆಯಲ್ಲ, ಹೊರಡುವ ದಿನ ಆ ಮನೆಯ ಹೆಂಗಸರೆಲ್ಲ ಬೇರೆಯವರ ಉಡಿ ತುಂಬಿ ನಿನ್ನನ್ನು ದಾಟಿಕೊಂಡು ಹೋದರು. ಗಂಡನಿಲ್ಲದವಳಿಗೆ ತುಂಬಬಾರದಂತೆ. ನಾನು ಅಲ್ಲೇ ನಿಂತಿದ್ದೆ. ಮದುವೆಯೇ ಆಗದ ನನಗೂ ಯಾರೂ ಯಾವತ್ತೂ ತುಂಬಿದವರಲ್ಲ, ಅದು ನನಗೆ ಅಭ್ಯಾಸ. ನಿನಗಾದದ್ದು ಮಾತ್ರ ಹೊಟ್ಟೆಯಲ್ಲಿ ಉಳಿಯಿತು. ಅದಕ್ಕೇ ಲಂಗರಿನ ಗುಳಕ್ಕೆ ಹಸಿರು ಜಂಪರಿನ ಬಟ್ಟೆ ಸುತ್ತಿ, ಒಳಗೆ ಐದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು ಇಟ್ಟು ಕಟ್ಟಿಸಿದ್ದೇನೆ. ಕಬ್ಬಿಣದ ಉಡಿ ತುಂಬಬೇಡ ಅಂತ ಯಾವ ಊರಿನವರು ಹೇಳುತ್ತಾರೋ ನೋಡೋಣ.

ನೀನು ಬರುವುದಿಲ್ಲ ಅಂದರೆ ಬೇಡ. ಹಗುರದ್ದನ್ನು ನಂಬಿಕೊಂಡು ಮಾತ್ರ ಇರಬೇಡ.

ಸುವರ್ಣಕ್ಕ


ಕಾರವಾರ
9 ಫೆಬ್ರವರಿ 2025

ಅಕ್ಕಾ,

ಲಂಗರು ಬಂತು. ಮೀನುಗಾರರು ಜೆಟ್ಟಿಯಿಂದ ಹೊತ್ತು ತಂದು ದೋಣಿಯ ಮೂತಿಯ ಮೇಲೆ ಇಟ್ಟುಕೊಟ್ಟರು. ಅಂಜಿನೇಯನ ಕೆಲಸ ಬಹಳ ಗಟ್ಟಿ. ಅಕ್ಕಿಯಲ್ಲಿ ಅನ್ನ ಮಾಡಿಕೊಂಡು ಉಂಡೆ. ಅರಿಷಿಣದ ಕೊಂಬು ಒಲೆಯ ಮೇಲಿನ ಗೂಡಿನಲ್ಲಿದೆ.

ಈಗ ದೋಣಿ ನಿಂತಿರುವುದು ಅದರ ಮೇಲೇ. ಚೆನ್ನಾಗಿ ಹಿಡಿದಿದೆ. ನೀನು ಚಿಂತೆ ಮಾಡಬೇಡ.

ಅರುಣಾ


ಕುರುಗೋಡು
22 ಫೆಬ್ರವರಿ 2025

ಅರುಣಾ,

ಇಷ್ಟು ಗಿಡ್ಡ ಕಾಗದ ನೀನು ಯಾವತ್ತೂ ಬರೆದಿರಲಿಲ್ಲ. ಆದರೂ ಮಡಿಕೆ ಹರಿಯುವಷ್ಟು ಸಲ ಓದಿದೆ. ಚೆನ್ನಾಗಿ ಹಿಡಿದಿದೆ ಅಂದೆಯಲ್ಲ, ಅದನ್ನು ದಾಕ್ಷಾಯಣಿಗೂ ಓದಿ ಹೇಳಿದೆ. ಅವಳಿಗೂ ಬಹಳ ಖುಷಿಯಾಯಿತು. ಸಿರುಗುಪ್ಪಕ್ಕೆ ಹೋದಾಗ ಅಂಜಿನೇಯನಿಗೂ ಹೇಳುತ್ತೇನೆ. ನಮ್ಮೂರಿನ ಕಬ್ಬಿಣ ಕಡಲಿನ ತಳದಲ್ಲಿ ಕೂತು ನಿನ್ನನ್ನು ಹಿಡಿದುಕೊಂಡಿದೆ ಅಂತ ನೆನೆಸಿಕೊಂಡರೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ.

ಅದು ಎಷ್ಟು ಒಳಗೆ ಹೋಗಿದೆ? ಗುಳ ಪೂರ್ತಿ ಹೂತಿದೆಯೋ ಅರ್ಧವೋ? ಸರಪಳಿಯ ಕೊಂಡಿಗೆ ತಂತಿ ಸುತ್ತಿ ಬಿಗಿದೆಯಾ? ಅಲುಗಾಡಿ ಅಲುಗಾಡಿ ಬೋಲ್ಟು ಸಡಿಲಾಗುತ್ತದೆ ಅಂತ ಅಂಜಿನೇಯ ಹೇಳಿ ಕಳಿಸಿದ್ದ. ಎಲ್ಲ ಬರಿ. ಚಿತ್ರ ಹಾಕಿ ಬರಿ.

ಸುವರ್ಣಕ್ಕ


ಕುರುಗೋಡು
2 ಏಪ್ರಿಲ್ 2025

ಅರುಣಾ,

ನಿನ್ನಿಂದ ಕಾಗದವಿಲ್ಲ. ಯುಗಾದಿಯೂ ಹೋಯಿತು. ಎರಡು ಎಲೆ ಹಾಕಿದ್ದೆ. ನೀನು ಹೇಳದೆ ಕೇಳದೆ ಬಂದುಬಿಡುವ ಪೈಕಿ, ಅದಕ್ಕೆ ಹಾಕಿದ್ದೆ. ಆಮೇಲೆ ಒಂದನ್ನು ತೆಗೆದೆ.

ಫೋನ್ ಮಾಡೋಣ ಅಂತ ಎರಡು ಸಲ ಕೈಗೆ ತೆಗೆದುಕೊಂಡೆ. ನಿನ್ನ ದನಿ ನನಗೆ ಕೇಳಿಸದೆ ನಾನು ಬರೀ ಹಲೋ ಹಲೋ ಅನ್ನುವುದು, ನೀನು ಆ ಕಡೆ ಕೂಗಿ ಕೂಗಿ ಸುಸ್ತಾಗುವುದು ನೆನಪಾಗಿ ಇಟ್ಟುಬಿಟ್ಟೆ. ಕಿವಿ ಕೇಳುವುದಿಲ್ಲ ಅಂದದ್ದು ನೆಪವಲ್ಲ ಕಣೇ. ಈಗ ಬಾಗಿಲು ಬಡಿದರೂ ಕೇಳಿಸುವುದಿಲ್ಲ. ಬಡಿಯುವವರೂ ಇಲ್ಲ.

ದಾಕ್ಷಾಯಣಿ ಬಳ್ಳಾರಿಗೆ ಮಗಳ ಮನೆಗೆ ಹೋಗಿ ವರ್ಷದ ಮೇಲಾಯಿತು. ಪಕ್ಕದ ಮನೆಗೆ ಬೀಗ ಹಾಕಿದೆ. ನಿನ್ನ ಕಾಗದವನ್ನು ನಾನು ಓದಿ ಹೇಳಿದ್ದು ಗೋಡೆಗೆ. ಸುಳ್ಳು ಬರೆದೆ, ಬೇಸರದಿಂದ ಕರೆಯುತ್ತಿದ್ದಾಳೆ ಅಂದುಕೊಂಡರೆ ನೀನು ಕರುಣೆಯಿಂದ ಬರುತ್ತೀ ಅಂತ. ಕರುಣೆಗೆ ಬಂದವಳನ್ನು ಇಟ್ಟುಕೊಂಡು ನಾನೇನು ಮಾಡಲಿ? ಈಗ ಅನ್ನಿಸುತ್ತಿದೆ, ಕರುಣೆಗಾದರೂ ಬಾ.

ಸುವರ್ಣಕ್ಕ


ಕಾರವಾರ
12 ಮೇ 2025

ಅಕ್ಕಾ,

ನಿನ್ನ ಏಪ್ರಿಲ್ ಕಾಗದ ದಿಂಬಿನ ಕೆಳಗೇ ಇದೆ. ಉತ್ತರ ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ನಿಂತೆ. ಏಕೆಂದರೆ ಮೊದಲ ಸಾಲು ನಿಜ ಹೇಳಬೇಕಾಗಿತ್ತು.

ನಿನ್ನ ಲಂಗರನ್ನು ನಾನು ನೀರಿಗೆ ಬಿಟ್ಟೇ ಇರಲಿಲ್ಲ. ಅದನ್ನು ನನ್ನ ಕೈಲಿ ಅಲ್ಲಾಡಿಸುವುದಕ್ಕೂ ಆಗಲಿಲ್ಲ. ಅಷ್ಟು ದೂರದಿಂದ ಉಡಿ ಕಟ್ಟಿ ಕಳಿಸಿದವಳಿಗೆ ಇದು ಕೆಲಸಕ್ಕೆ ಬರುವುದಿಲ್ಲ ಅಂತ ಹೇಗೆ ಬರೆಯಲಿ? ಹಿಡಿದಿದೆ ಅಂತ ಬರೆದೆ. ಅದು ದೋಣಿಯ ಮೂತಿಯ ಮೇಲೆ ಹಗ್ಗ ಬಿಗಿಸಿಕೊಂಡು ಮಲಗಿತ್ತು. ಅದರ ತೋಳಿನ ಮೇಲೆ ನಾನು ಒದ್ದೆ ಟವೆಲ್ ಒಣಹಾಕುತ್ತಿದ್ದೆ. ನಿನ್ನ ಹಸಿರು ಜಂಪರಿನ ಬಟ್ಟೆಯನ್ನು ಮಾತ್ರ ಅಕ್ಕಿ ತೆಗೆದ ಮೇಲೆ ಮತ್ತೆ ಅದಕ್ಕೇ ಸುತ್ತಿ ಕಟ್ಟಿದ್ದೆ. ಸಂಜೆ ಅದರ ಪಕ್ಕ ಕೂತು ಚಹಾ ಕುಡಿಯುತ್ತಿದ್ದೆ. ಪಕ್ಕದ ದೋಣಿಯ ಗಂಡ ಹೆಂಡತಿ ಸಂಕ್ರಾಂತಿಗೂ ಮೊದಲೇ ಗೋವೆಯ ಕಡೆ ಹೊರಟುಹೋದರು. ಆಮೇಲೆ ಇಲ್ಲಿ ನಿಂತಿರುವುದು ನನ್ನ ದೋಣಿಯೊಂದೇ. ನಿನ್ನ ದಾಕ್ಷಾಯಣಿ ಗೋಡೆಯಾದರೆ ನನ್ನ ದಾಕ್ಷಾಯಣಿ ಆ ಲಂಗರು.

ನಾಲ್ಕು ದಿನದ ಹಿಂದೆ ಮಧ್ಯಾಹ್ನ ಉಂಡು ಏಳುವಷ್ಟರಲ್ಲಿ ಆಕಾಶ ಕಪ್ಪಾಯಿತು. ಗಾಳಿ ಒಂದು ಕಡೆಯಿಂದ ಬೀಸುತ್ತಿದ್ದದ್ದು ಒಮ್ಮೆಲೇ ತಿರುಗಿ ಕಡಲಿನ ಕಡೆಯಿಂದ ಬಂತು. ದೋಣಿ ಗಿರಕಿ ಹೊಡೆಯಿತು. ಹಗುರ ಲಂಗರು ಮಗುಚಿಕೊಂಡಿತು, ಮತ್ತೆ ಕಚ್ಚಲೇ ಇಲ್ಲ. ದಡದ ತೆಂಗಿನಮರವನ್ನೂ ಅದರ ಹಿಂದಿನ ಮನೆಯನ್ನೂ ನೇರಕ್ಕೆ ಇಟ್ಟು ನೋಡಿದೆ. ಮರ ಮನೆಯನ್ನು ಬಿಟ್ಟು ಓಡುತ್ತಿತ್ತು. ಹಿಂದೆ ಕಲ್ಲಿನ ತಡೆಗೋಡೆ. ಎಂಜಿನ್ ಕೆಮ್ಮಿತೇ ಹೊರತು ಹತ್ತಲಿಲ್ಲ. "ಹಂಪೇಶ್" ಅಂತ ಕೂಗಿದೆ ಅಕ್ಕಾ. ಕೂಗಿ, ಯಾರೂ ಬರುವುದಿಲ್ಲ ಅಂತ ಆವತ್ತು ಪೂರ್ತಿ ಗೊತ್ತಾಯಿತು.

ಮೂತಿಗೆ ತೆವಳಿಕೊಂಡು ಹೋದೆ. ನಿನ್ನ ಲಂಗರಿಗೆ ಸರಪಳಿಯನ್ನು ಮೊದಲೇ ಜೋಡಿಸಿಟ್ಟಿದ್ದೆ, ಕೊಂಡಿಗೆ ತಂತಿಯನ್ನೂ ಸುತ್ತಿದ್ದೆ. ನೀನು ಬರೆದಿದ್ದೆ ಅಂತ ಸುತ್ತಿದ್ದು, ಬಳಸುತ್ತೇನೆ ಅಂತಲ್ಲ. ಹಗ್ಗ ಕೊಯ್ದು ಎರಡೂ ಕಾಲು ಕೊಟ್ಟು ಒದ್ದೆ. ತಳ್ಳುವುದಕ್ಕೆ ಒಬ್ಬಳು ಸಾಕು. ಹಸಿರು ಬಟ್ಟೆಯ ಸಮೇತ ಹೋಯಿತು. ಸರಪಳಿಯೆಲ್ಲ ಬಿಟ್ಟೆ, ಒಂದು ಕೊಂಡಿಯನ್ನೂ ಉಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ದೋಣಿಯ ಮೂತಿಯನ್ನು ಯಾರೋ ಹಿಡಿದು ಗಾಳಿಗೆ ಎದುರಾಗಿ ತಿರುಗಿಸಿದ ಹಾಗಾಯಿತು. ನಿಂತಿತು. ಮರವೂ ಮನೆಯೂ ಒಂದರ ಹಿಂದೆ ಒಂದು ನಿಂತವು. ತಡೆಗೋಡೆಯ ಕಲ್ಲಿನ ಮೇಲೆ ಕೂತ ಏಡಿ ಕಾಣುವಷ್ಟು ಹತ್ತಿರ ಹೋಗಿದ್ದೆ.

ಮಳೆ ನಿಂತ ಮೇಲೆ ನಾನು ಅತ್ತದ್ದು ಹೆದರಿಕೆಗಲ್ಲ. ನಿನ್ನ ಸಿರುಗುಪ್ಪದ ರಂಟೆಯನ್ನು ನಾನು ಟವೆಲ್ ಒಣಹಾಕಲು ಇಟ್ಟುಕೊಂಡಿದ್ದೆನಲ್ಲ ಅಂತ.

ಈಗ ವಿಷಯಕ್ಕೆ ಬರುತ್ತೇನೆ. ಮಳೆಗಾಲ ಹಿಡಿಯುವ ಮೊದಲು ದೋಣಿಯನ್ನು ನದಿಯ ಒಳಕ್ಕೆ, ಸೇತುವೆಯ ಈಚೆಯ ತಿರುವಿಗೆ ಒಯ್ಯಬೇಕು. ಇಲ್ಲಿ ನಿಲ್ಲುವ ಹಾಗಿಲ್ಲ. ಎಂಜಿನ್ ಸರಿ ಮಾಡಿಸಿದೆ. ಹಗುರದ್ದನ್ನು ಎತ್ತಿಕೊಂಡೆ, ನಿನ್ನ ಲಂಗರು ಮಾತ್ರ ಬರುತ್ತಿಲ್ಲ. ಸರಪಳಿ ನೆಟ್ಟಗೆ ನಿಲ್ಲುವವರೆಗೆ ಬರುತ್ತದೆ, ಅಲ್ಲಿಂದ ಒಂದು ಗೇಣೂ ಇಲ್ಲ. ಎರೆಯೊಳಗೆ ಅಷ್ಟು ಆಳಕ್ಕೆ ಇಳಿದಿದೆ. ಇದಕ್ಕೊಂದು ದಾರಿಯಿದೆ. ಇಳಿತದ ಹೊತ್ತಿಗೆ ಸರಪಳಿಯನ್ನು ಬಿಗಿದು ಕಟ್ಟಿ ಸುಮ್ಮನೆ ಕೂತಿರಬೇಕು. ಉಬ್ಬರ ಬಂದು ನೀರು ಏರಿದಂತೆ ದೋಣಿಯೂ ಏರುತ್ತದೆ, ಏರುತ್ತಾ ತಾನೇ ಲಂಗರನ್ನು ನೆಲದಿಂದ ಬಿಡಿಸುತ್ತದೆ. ಬಿಟ್ಟ ಮೇಲೆ ಒಬ್ಬರು ರಾಟೆ ತಿರುಗಿಸಬೇಕು, ಇನ್ನೊಬ್ಬರು ಸರಪಳಿ ಹಿಡಿದು ಒಳಗೆ ಎಳೆದುಕೊಳ್ಳಬೇಕು.

ಮೀನುಗಾರರು ನಿನ್ನೆ ತಾವಾಗಿಯೇ ಬಂದು "ಎತ್ತಿಕೊಡುವಾ ಅಮ್ಮಾ?" ಅಂತ ಕೇಳಿದರು. ಬೇಡ ಅಂದೆ. ಅಕ್ಕ ಬರುತ್ತಾಳೆ ಅಂದೆ.

ಕರುಣೆಗಾದರೂ ಬಾ ಅಂತ ಬರೆದಿದ್ದೆಯಲ್ಲ, ಅದನ್ನು ಈಗ ನಾನು ಬರೆಯುತ್ತಿದ್ದೇನೆ. ನೀನು ಕಳಿಸಿದ್ದನ್ನು ಒಬ್ಬಳು ಎತ್ತುವುದಕ್ಕೆ ಆಗುವುದಿಲ್ಲ.

ಅರುಣಾ


ಕುರುಗೋಡು
17 ಮೇ 2025

ಅರುಣಾ,

ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟುತ್ತೇನೆ. ಆದರೂ ಬಂದ ಕಾಗದಕ್ಕೆ ಉತ್ತರ ಹಾಕದೆ ಹೊರಡುವ ರೂಢಿ ನನಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಬಳ್ಳಾರಿ, ಅಲ್ಲಿಂದ ರೈಲಿಗೆ ಹುಬ್ಬಳ್ಳಿ, ಅಲ್ಲಿಂದ ಮತ್ತೆ ಬಸ್ಸು. ಜೆಟ್ಟಿಯ ಚಹಾ ಅಂಗಡಿಯಲ್ಲಿ ಕೂತಿರುತ್ತೇನೆ. ಹಿಂದಿನಿಂದ ಕೂಗಬೇಡ, ಕೇಳಿಸುವುದಿಲ್ಲ. ಎದುರಿಗೆ ಬಂದು ನಿಲ್ಲು.

ಟವೆಲ್ ಒಣಹಾಕಿದ್ದಕ್ಕೆ ಅಲ್ಲಿ ಬಂದು ಬಯ್ಯುತ್ತೇನೆ.

ನಾನು ಕಡಲು ನೋಡಿದವಳಲ್ಲ. ಈಜು ಬರುವುದಿಲ್ಲ. ತುಂಗಭದ್ರೆಯ ಕಾಲುವೆ ದಾಟುವಾಗಲೂ ಬಸ್ಸಿನಲ್ಲಿ ಕಣ್ಣು ಮುಚ್ಚುತ್ತೇನೆ, ನಿನಗೆ ಗೊತ್ತು. ದೋಣಿಯೊಳಕ್ಕೆ ಹೇಗೆ ಹತ್ತಿಸುತ್ತೀಯೋ ಅದು ನಿನ್ನ ಪಾಡು. ಹತ್ತಿದ ಮೇಲೆ ರಾಟೆ ನನಗೆ ಕೊಡು. ಇಷ್ಟು ವರ್ಷ ಬಾವಿಯಿಂದ ಸೇದಿದ ತೋಳು ಇದು. ಸರಪಳಿ ನೀನು ಹಿಡಿ. ಲಂಗರು ಎತ್ತಿದ ಮೇಲೆ ನಾನು ಎಲ್ಲಿಗೆ ಅಂತ ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಮನೆಯ ಕೀಲಿಯನ್ನು ಮಾಲೀಕರ ಕೈಗೆ ಕೊಟ್ಟು ಬರುತ್ತಿದ್ದೇನೆ. ಯಾವಾಗ ಬರುತ್ತೀರಿ ಅಂದರು. ಗೊತ್ತಿಲ್ಲ ಅಂದೆ.

ಹಸಿರು ಬಟ್ಟೆ ಕೆಸರಾಗಿರುತ್ತದೆ. ಹೊಸದು ತರುತ್ತಿದ್ದೇನೆ, ಅಕ್ಕಿಯನ್ನೂ. ಈ ಸಲ ಕಬ್ಬಿಣಕ್ಕಲ್ಲ, ನಿನಗೇ ತುಂಬುತ್ತೇನೆ. ಆಮೇಲೆ ನೀನು ನನಗೆ ತುಂಬು. ಅಲ್ಲಿ ನಮ್ಮನ್ನು ನೋಡುವವರು ಯಾರಿದ್ದಾರೆ, ನೋಡಿದರೂ ನೋಡಲಿ.

ಉಬ್ಬರ ಬರುವ ತನಕ ಸುಮ್ಮನೆ ಕೂತಿರಬೇಕು ಅಂದೆಯಲ್ಲ. ಕೂತಿರುವುದು ನನಗೆ ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಒಬ್ಬರಿದ್ದು ಕೂತು ಮಾತ್ರ ಬಹಳ ದಿನವಾಗಿದೆ. ಆ ತನಕ ನಮ್ಮ ಲಂಗರನ್ನು ಬೇರೆ ಯಾರ ಕೈಗೂ ಕೊಡಬೇಡ.

ಸುವರ್ಣಕ್ಕ